ಹೆಡ್‌ಫೋನ್ ಆಂಪ್‌ನ ಗುಂಯ್ ಸದ್ದಿನ ಬೆನ್ನು ಹತ್ತಿ

ಸ್ಪೀಕರ್‌ಗೆ ಆಂಪ್, ಅಂದರೆ ಆಡಿಯೋ ಸಿಗ್ನಲನ್ನು ಹಿಗ್ಗಿಸುವ ಆಂಪ್ಲಿಫೈಯರ್, ಕಟ್ಟುವವರಿಗೆ ಒಂದು ಅನುಕೂಲ ಇದೆ. ಸ್ಪೀಕರ್ ದೂರದಲ್ಲಿರುತ್ತದೆ. ಸಣ್ಣಪುಟ್ಟ ಗುಂಯ್ ಸದ್ದು ಫ್ಯಾನಿನ ಗಾಳಿಯಲ್ಲೇ ಮುಚ್ಚಿಹೋಗುತ್ತದೆ. ಹೆಡ್‌ಫೋನ್ ಆಂಪ್‌ಗೆ ಆ ರಿಯಾಯಿತಿ ಇಲ್ಲ. ಸದ್ದು ಹೊರಡಿಸುವ ಡ್ರೈವರ್ ಕಿವಿಗೆ ಅಂಟಿಕೊಂಡೇ ಇರುತ್ತದೆ, ಹೊರಗಿನ ಗಲಾಟೆಯನ್ನು ಕುಶನ್ ತಡೆಯುತ್ತದೆ, ಹಾಗಾಗಿ ಹಾಡು ನಿಂತ ತಕ್ಷಣ ಉಳಿಯುವುದು ನೀವು ಮತ್ತು ನಿಮ್ಮ ಸರ್ಕ್ಯೂಟ್ ಮಾತ್ರ. ಸ್ಪೀಕರ್‌ನಲ್ಲಿ ಗೊತ್ತೇ ಆಗದ ಸಣ್ಣ ಸದ್ದು ಕೂಡ ಅಲ್ಲಿ ಅಡಗಿಕೊಳ್ಳುವುದು ಕಷ್ಟ.

ಇಂಥ ಸದ್ದು ಬಂದಾಗ ಹೆಚ್ಚಿನವರು ಮೊದಲು ಮಾಡುವುದು ದೊಡ್ಡ ಕೆಪಾಸಿಟರ್ ಹಾಕುವುದು. ಅದಕ್ಕೂ ಜಗ್ಗದಿದ್ದರೆ ಆಪ್‌ಆಂಪ್ (ಸಿಗ್ನಲ್ ಹಿಗ್ಗಿಸುವ ಚಿಪ್) ಬದಲಾಯಿಸುವುದು. ಆಮೇಲೆ ಲೋಹದ ಹೊದಿಕೆಯ ಶೀಲ್ಡ್ ವೈರ್, ಆಮೇಲೆ ಇನ್ನೊಂದು ಅಡಾಪ್ಟರ್. ಹೀಗೆ ಮಾಡ್ತಾ ಮಾಡ್ತಾ ಒಂದು ದಿನ ಸದ್ದು ಕಡಿಮೆಯಾಗುತ್ತದೆ, ಯಾವುದರಿಂದ ಕಡಿಮೆಯಾಯಿತು ಅನ್ನುವುದು ಗೊತ್ತಾಗುವುದಿಲ್ಲ. ಮುಂದಿನ ತಿಂಗಳು ಅದು ಮತ್ತೆ ಬಂದರೆ ಮೊದಲಿಂದ ಶುರು.

ನಾನು ಪಾಲಿಸುವ ಕಟ್ಟುಪಾಡು ಒಂದೇ. ಸದ್ದು ಹೋಯಿತು ಅಂದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬೇಕೆಂದಾಗ ಅದನ್ನು ವಾಪಸ್ ಬರಿಸಲು ಆಗಬೇಕು. ವೈರ್ ಈ ಜಾಗದಲ್ಲಿದ್ದರೆ ಸದ್ದು ಇರುತ್ತದೆ, ಆ ಜಾಗಕ್ಕೆ ಹೋದರೆ ಇರುವುದಿಲ್ಲ, ಮತ್ತೆ ಇಲ್ಲಿಗೆ ತಂದರೆ ಮತ್ತೆ ಬರುತ್ತದೆ. ಇಷ್ಟು ಆದಾಗ ಮಾತ್ರ ಕಾರಣ ಸಿಕ್ಕಿತು ಅಂತ ಒಪ್ಪುತ್ತೇನೆ. ಇದಕ್ಕೆ ತಾಳ್ಮೆ ಬೇಕು ನಿಜ. ಆದರೆ ಕೊನೆಗೆ ಇದೇ ಬೇಗ ಮುಗಿಯುವ ದಾರಿ.

ನಾನು ಈಗ ಬಳಸುತ್ತಿರುವ ಆಂಪ್ ಸರಳವಾದದ್ದು. ಎರಡು ಸೆಕೆಂಡರಿ (ಔಟ್‌ಪುಟ್ ಸುರುಳಿ) ಇರುವ ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡುವ ಡಯೋಡ್‌ಗಳ ಎರಡು ಬ್ರಿಡ್ಜ್, ಆ ಡಿಸಿಯ ಏರಿಳಿತ ತಗ್ಗಿಸುವ ಎರಡು ದೊಡ್ಡ ಕೆಪಾಸಿಟರ್, ವೋಲ್ಟೇಜ್ ಸ್ಥಿರವಾಗಿಟ್ಟು ಪ್ಲಸ್ ಮೈನಸ್ 12 ವೋಲ್ಟ್ ಕೊಡುವ 7812, 7912 ರೆಗ್ಯುಲೇಟರ್‌ಗಳು. ಮುಂದೆ ಎನ್‌ಇ5532 ಆಪ್‌ಆಂಪ್, ಅದರ ನಂತರ ಹೆಡ್‌ಫೋನ್‌ಗೆ ಬೇಕಾದ ಕರೆಂಟ್ ಕೊಡುವ ಟ್ರಾನ್ಸಿಸ್ಟರ್ ಬಫರ್. ಕಟ್ಟಿ ಕಿವಿಗೆ ಹಾಕಿಕೊಂಡಾಗ ಅದರಲ್ಲಿ ಎರಡು ಬೇರೆ ಬೇರೆ ಸದ್ದುಗಳಿದ್ದವು. ಎರಡು ಅಂತ ಗೊತ್ತಾಗಿದ್ದೇ ವಾಲ್ಯೂಮ್ ನಾಬ್‌ನಿಂದ.

ನಾಬ್ ಮುಟ್ಟುವ ಮೊದಲು ಒಂದು ಮಾತು. ಹೊಸದಾಗಿ ಕಟ್ಟಿದ ಆಂಪ್‌ಗೆ ಒಳ್ಳೆಯ ಹೆಡ್‌ಫೋನ್ ಸಿಕ್ಕಿಸಬೇಡಿ. ಮೊದಲು ಮಲ್ಟಿಮೀಟರ್ ಹಿಡಿದು ಔಟ್‌ಪುಟ್‌ನಲ್ಲಿ ಡಿಸಿ ಎಷ್ಟಿದೆ ನೋಡಿ. ಹತ್ತಿಪ್ಪತ್ತು ಮಿಲಿವೋಲ್ಟ್ ಒಳಗಿದ್ದರೆ ಚಿಂತೆಯಿಲ್ಲ. ನೂರಾರು ಮಿಲಿವೋಲ್ಟ್ ತೋರಿಸಿದರೆ ಸದ್ದಿನ ಪ್ರಶ್ನೆ ಆಮೇಲೆ, ಮೊದಲು ಅದನ್ನು ಸರಿಮಾಡಬೇಕು. ಟ್ರಾನ್ಸ್‌ಫಾರ್ಮರ್ ಒಳಗೇ ಇದ್ದರೆ, ಒಳಗೆ ಕೈ ಹಾಕುವ ಪ್ರತಿ ಸಲ ಪ್ಲಗ್ ಕಿತ್ತು, ಕೆಪಾಸಿಟರ್‌ಗಳು ಖಾಲಿಯಾಗುವವರೆಗೆ ಕಾಯಿರಿ. ಪರೀಕ್ಷೆಗೆ ಹಳೆಯ, ಹೋದರೂ ಬೇಜಾರಾಗದ ಇಯರ್‌ಫೋನ್ ಸಾಕು.

ಇನ್ನೊಂದು ಉಪಕರಣ ಬೇಕು, ಅದನ್ನು ಕೈಯಾರೆ ಮಾಡಿಕೊಳ್ಳಬಹುದು. ಇನ್‌ಪುಟ್‌ಗೆ ಹೊಂದುವ ಒಂದು ಖಾಲಿ ಪ್ಲಗ್ ತೆಗೆದುಕೊಂಡು ಎಡ, ಬಲ, ಗ್ರೌಂಡ್ ಮೂರನ್ನೂ ಒಟ್ಟಿಗೆ ಬೆಸೆಯಿರಿ. ಇದು ಶಾರ್ಟಿಂಗ್ ಪ್ಲಗ್. ಮೊಬೈಲು, ಲ್ಯಾಪ್‌ಟಾಪ್, ಕೇಬಲ್ ಎಲ್ಲವನ್ನೂ ತೆಗೆದು ಇದನ್ನು ಸಿಕ್ಕಿಸಿದರೆ ಆಂಪ್‌ಗೆ ಹೊರಗಿನಿಂದ ಏನೂ ಬರುವುದಿಲ್ಲ. ಆಗಲೂ ಸದ್ದು ಇದೆ ಅಂದರೆ ಅದು ಪೆಟ್ಟಿಗೆಯ ಒಳಗೇ ಹುಟ್ಟಿದ್ದು. ಪ್ಲಗ್ ಹಾಕಿದ ತಕ್ಷಣ ಹೋಯಿತು ಅಂದರೆ ಒಳಗೆ ಬಿಚ್ಚಿ ಕೂರುವ ಅಗತ್ಯವೇ ಇಲ್ಲ, ಹುಡುಕಬೇಕಾದ್ದು ಕೇಬಲ್ ಆಚೆ. ಎಷ್ಟೋ ಜನ ಏನನ್ನೂ ಸಿಕ್ಕಿಸದೆ, ಇನ್‌ಪುಟ್ ಖಾಲಿ ಬಿಟ್ಟು ಪರೀಕ್ಷೆ ಮಾಡುತ್ತಾರೆ. ತೆರೆದ ಇನ್‌ಪುಟ್ ಆಂಟೆನಾ ಇದ್ದ ಹಾಗೆ, ಅಲ್ಲಿ ಗುಂಯ್ ಅನ್ನುವುದು ಸಹಜ. ಅದನ್ನು ದೋಷ ಅಂತ ಹಿಡಿದುಕೊಂಡು ಹೊರಟರೆ ಇಲ್ಲದ ಕಾಯಿಲೆಗೆ ಔಷಧಿ ಕೊಟ್ಟಂತೆ.

ಶಾರ್ಟಿಂಗ್ ಪ್ಲಗ್ ಹಾಕಿ ಈಗ ನಾಬ್ ತಿರುಗಿಸಿ. ಸೊನ್ನೆಯಲ್ಲಿ ಕೇಳಿ, ನಡುವಿನಲ್ಲಿ ಕೇಳಿ, ಪೂರ್ತಿ ಏರಿಸಿ ಕೇಳಿ. ನಾಬ್ ಎಲ್ಲಿದ್ದರೂ ಸದ್ದು ಒಂದೇ ಥರ ಇದ್ದರೆ ಅದು ವಾಲ್ಯೂಮ್ ಕಂಟ್ರೋಲ್ ದಾಟಿದ ಮೇಲೆ ಸೇರಿಕೊಂಡದ್ದು. ನಾಬ್ ಏರಿದ ಹಾಗೆ ಏರುತ್ತಾ ಹೋದರೆ ಅದಕ್ಕೂ ಮೊದಲು ಸೇರಿದ್ದು. ಮೂರನೆಯದು ಇದೆ, ನನಗೆ ತುಂಬಾ ಇಷ್ಟವಾದ ಸುಳಿವು ಅದೇ. ಎರಡು ತುದಿಯಲ್ಲೂ ಸುಮ್ಮನಿದ್ದು ನಡುವಿನಲ್ಲಿ ಮಾತ್ರ ಸದ್ದು ಜಾಸ್ತಿಯಾಗುವುದು. ಅದರ ವಿಷಯ ಆಮೇಲೆ ಹೇಳುತ್ತೇನೆ, ಯಾಕೆಂದರೆ ನನ್ನ ಆಂಪ್‌ನ ಎರಡನೇ ಸದ್ದು ಅದೇ ಆಗಿತ್ತು. ಮೊದಲನೆಯದು ನಾಬ್‌ಗೆ ಕೇರ್ ಮಾಡದ ಒಂದು ಒರಟು ಜುಂಯ್.

ಸದ್ದಿನ ಜಾತಿಯನ್ನೂ ಗುರುತು ಹಿಡಿಯಬೇಕು. 50 ಹರ್ಟ್ಜ್ ಕರೆಂಟ್ ಇರುವ ಕಡೆ ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರದಿಂದಲೋ, ಗ್ರೌಂಡ್ ಲೂಪ್‌ನಿಂದಲೋ (ಎರಡು ಉಪಕರಣಗಳ ಗ್ರೌಂಡ್ ಎರಡು ದಾರಿಯಲ್ಲಿ ಸೇರಿ ಆಗುವ ಉಂಗುರ) ಬರುವುದು 50 ಹರ್ಟ್ಜ್‌ನ ಮೆತ್ತನೆ ಊಂ. ಫುಲ್‌ವೇವ್ ರೆಕ್ಟಿಫೈಯರ್, ಅಂದರೆ ಆ ಬ್ರಿಡ್ಜ್, ದಾಟಿ ಬಂದದ್ದು 100 ಹರ್ಟ್ಜ್. ಅದು ಮೆತ್ತಗಿರುವುದಿಲ್ಲ. ಕೆಪಾಸಿಟರ್ ಚಾರ್ಜ್ ಆಗುವುದು ಚೂಪಾದ ಪಲ್ಸ್‌ಗಳಲ್ಲಿ, ಹಾಗಾಗಿ ಅದರ ಜೊತೆ 200, 300, 400 ಹೀಗೆ ಮೇಲಿನ ಸ್ವರಗಳೆಲ್ಲ ಬರುತ್ತವೆ, ಕಿವಿಗೆ ಗರಗಸದ ಥರ ಕೇಳಿಸುತ್ತದೆ. 60 ಹರ್ಟ್ಜ್ ಇರುವ ದೇಶಗಳಲ್ಲಿ ಇದೇ 60 ಮತ್ತು 120. ನಮ್ಮ ಕಿವಿ 50 ಹರ್ಟ್ಜ್‌ಗೆ ಮಂದ, ಮೇಲಿನ ಸ್ವರಗಳಿಗೆ ಚುರುಕು. ಅದಕ್ಕೇ ಮೀಟರ್‌ನಲ್ಲಿ ಸಣ್ಣದಾಗಿ ಕಾಣುವ ಜುಂಯ್ ಜಾಸ್ತಿ ಕಾಟ ಕೊಡುತ್ತದೆ. ಯಾವುದು ಅಂತ ಅನುಮಾನ ಬಂದರೆ ಮೊಬೈಲ್‌ನಲ್ಲಿ ಟೋನ್ ಜನರೇಟರ್ ಆ್ಯಪ್ ಹಾಕಿ, ಬೇರೆ ಇಯರ್‌ಫೋನ್‌ನಲ್ಲಿ 50 ಮತ್ತು 100 ಒಂದಾದ ಮೇಲೊಂದು ಕೇಳಿ. ಹೋಲಿಸಿ ನೋಡಿದರೆ ತಕ್ಷಣ ಗೊತ್ತಾಗುತ್ತದೆ.

ನನ್ನದು 100ರ ಜುಂಯ್. ಎಲ್ಲರ ಅನುಮಾನ ಹೋಗುವ ಹಾಗೆ ನನ್ನ ಅನುಮಾನವೂ ಮೊದಲು ಫಿಲ್ಟರ್ ಕೆಪಾಸಿಟರ್ ಮೇಲೆ ಹೋಯಿತು. ಅದನ್ನು ಲೆಕ್ಕ ಹಾಕಿ ನೋಡಬಹುದು. ಆಂಪ್ ಎಳೆಯುವ ಕರೆಂಟ್, ಅಂದರೆ ಲೋಡ್, 100 ಮಿಲಿಆಂಪಿಯರ್, ಕೆಪಾಸಿಟರ್ 1000 ಮೈಕ್ರೋಫ್ಯಾರಡ್, ಸೆಕೆಂಡಿಗೆ 100 ಸಲ ಚಾರ್ಜ್ ಅಂದರೆ ರಿಪಲ್ (ಡಿಸಿಯಲ್ಲಿ ಉಳಿಯುವ ಏರಿಳಿತ) ಹೆಚ್ಚುಕಡಿಮೆ 1 ವೋಲ್ಟ್. 2200 ಹಾಕಿದರೆ ಅರ್ಧ ವೋಲ್ಟ್‌ಗಿಂತ ಸ್ವಲ್ಪ ಕಡಿಮೆ. ರೆಗ್ಯುಲೇಟರ್ ಇದನ್ನು ಸಾವಿರ ಪಟ್ಟು ತಗ್ಗಿಸುತ್ತದೆ, ಆಮೇಲೆ ಆಪ್‌ಆಂಪ್ ಕೂಡ ತನ್ನ ಸಪ್ಲೈನಲ್ಲಿರುವ 100 ಹರ್ಟ್ಜ್ ಅನ್ನು ಬಹಳ ಮಟ್ಟಿಗೆ ತಡೆಯುತ್ತದೆ. ಆದರೆ ಒಂದು ಷರತ್ತಿದೆ. 7812 ಕೆಲಸ ಮಾಡಬೇಕಾದರೆ ಅದರ ಇನ್‌ಪುಟ್ ಸುಮಾರು 14 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಮಲ್ಟಿಮೀಟರ್ ತೋರಿಸುವುದು ಸರಾಸರಿ. ಅದು 14.3 ಅಂತ ತೋರಿಸುತ್ತಿರುವಾಗಲೇ ರಿಪಲ್‌ನ ತಳ 13.8ಕ್ಕೆ ಮುಟ್ಟಿ ಬಂದಿರಬಹುದು. ಆ ತಳ ಮುಟ್ಟಿದ ಪ್ರತಿ ಸಲ ರೆಗ್ಯುಲೇಟರ್ ಕೈಬಿಡುತ್ತದೆ, ರಿಪಲ್ ನೇರ ಹೊರಗೆ. ಲೈನ್ ವೋಲ್ಟೇಜ್ ಕಡಿಮೆಯಾದಾಗ ಮಾತ್ರ ಜುಂಯ್ ಬರುತ್ತದೆ, ಉಳಿದಂತೆ ಸರಿಯಿರುತ್ತದೆ ಅನ್ನುವವರು ಮೊದಲು ಇದನ್ನೇ ನೋಡಬೇಕು. ನನ್ನ ಆಂಪ್‌ನಲ್ಲಿ 17 ವೋಲ್ಟ್ ಇತ್ತು. ಅಂದರೆ ಕಾರಣ ಇದಲ್ಲ, ಕೆಪಾಸಿಟರ್ ದೊಡ್ಡದು ಮಾಡಿ ಪ್ರಯೋಜನವಿಲ್ಲ.

ಹಾಗಾದರೆ ಎಲ್ಲಿಂದ? ಈ ಇಡೀ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸರ್ಕ್ಯೂಟ್ ಚಿತ್ರದಲ್ಲಿ ಗ್ರೌಂಡ್ ಅಂದರೆ ಒಂದು ಚಿಹ್ನೆ. ಎಲ್ಲ ಗ್ರೌಂಡ್‌ಗಳೂ ಒಂದೇ, ಎಲ್ಲ ಕಡೆ ಸೊನ್ನೆ ವೋಲ್ಟ್. ಪೆಟ್ಟಿಗೆಯಲ್ಲಿ ಗ್ರೌಂಡ್ ಅಂದರೆ ತಾಮ್ರದ ವೈರ್. ಅದಕ್ಕೆ ರೆಸಿಸ್ಟೆನ್ಸ್ ಇದೆ. ಅರ್ಧ ಚದರ ಮಿಲಿಮೀಟರ್ ದಪ್ಪದ, 10 ಸೆಂಟಿಮೀಟರ್ ಉದ್ದದ ವೈರ್‌ಗೆ ಸುಮಾರು 3.4 ಮಿಲಿಓಮ್. ಏನೂ ಅಲ್ಲ ಅನ್ನಿಸುತ್ತದೆ, ಅಲ್ವಾ? ಈಗ ಬ್ರಿಡ್ಜ್‌ನಿಂದ ಕೆಪಾಸಿಟರ್‌ಗೆ ಹೋಗುವ ವೈರ್ ನೆನಪಿಸಿಕೊಳ್ಳಿ. ಲೋಡ್ 100 ಮಿಲಿಆಂಪಿಯರ್ ಇರಬಹುದು, ಆದರೆ ಕೆಪಾಸಿಟರ್ ಆ ಕರೆಂಟನ್ನು ಸಮನಾಗಿ ತೆಗೆದುಕೊಳ್ಳುವುದಿಲ್ಲ. ಎಸಿ ಅಲೆಯ ತುದಿಯಲ್ಲಿ ಡಯೋಡ್ ತೆರೆದುಕೊಳ್ಳುವ ಸ್ವಲ್ಪ ಹೊತ್ತಿನಲ್ಲೇ ಗಟಗಟ ಕುಡಿದುಬಿಡುತ್ತದೆ. ಆ ಹೊತ್ತಿನಲ್ಲಿ ವೈರ್‌ನಲ್ಲಿ ಹರಿಯುವುದು 1 ಆಂಪಿಯರ್ ಹತ್ತಿರ ಇರಬಹುದು. 1 ಆಂಪಿಯರ್ ಗುಣಿಸು 3.4 ಮಿಲಿಓಮ್ ಅಂದರೆ 3.4 ಮಿಲಿವೋಲ್ಟ್. ಅದೂ ಚೂಪಾದ ಪಲ್ಸ್, ಸೆಕೆಂಡಿಗೆ 100 ಸಲ.

ಅಂದರೆ ಆ ಒಂದೇ ವೈರ್‌ನ ಈ ತುದಿ ಬೇರೆ ಗ್ರೌಂಡ್, ಆ ತುದಿ ಬೇರೆ ಗ್ರೌಂಡ್.

ನನ್ನ ಪೆಟ್ಟಿಗೆಯಲ್ಲಿ ಹೆಡ್‌ಫೋನ್ ಜಾಕ್‌ನ ಗ್ರೌಂಡ್ ವೈರ್ ಬಂದು ಸೇರುತ್ತಿದ್ದದ್ದು ಬ್ರಿಡ್ಜ್‌ನ ಮೈನಸ್ ಕಾಲಿಗೆ. ಆಪ್‌ಆಂಪ್ ಬೋರ್ಡ್‌ನ ಗ್ರೌಂಡ್ ಹೊರಟದ್ದು ಕೆಪಾಸಿಟರ್‌ನ ಮೈನಸ್‌ನಿಂದ. ಮಲ್ಟಿಮೀಟರ್‌ನಲ್ಲಿ ಇವೆರಡರ ನಡುವೆ ಬೀಪ್ ಬರುತ್ತದೆ, ಶಾರ್ಟ್ ಅಂತಲೇ ತೋರಿಸುತ್ತದೆ. ಆದರೆ ಆ ಪಲ್ಸ್ ಪೂರ್ತಿಯಾಗಿ ಹೆಡ್‌ಫೋನ್‌ಗೆ ಸೀರೀಸ್‌ನಲ್ಲಿ, ಅಂದರೆ ಅದರ ಕರೆಂಟಿನ ದಾರಿಯಲ್ಲೇ, ಕೂತಿತ್ತು. ಆಂಪ್ ಅದನ್ನು ಹಿಗ್ಗಿಸುತ್ತಿರಲಿಲ್ಲ, ಹಿಗ್ಗಿಸುವ ಅಗತ್ಯವೂ ಇರಲಿಲ್ಲ. ನಾಬ್ ತಿರುಗಿಸಿದರೆ ಬದಲಾಗದೇ ಇದ್ದದ್ದು ಅದಕ್ಕೇ.

ಇದನ್ನು ಕಿವಿಯಿಂದಲೇ ಕೇಳಿ ಖಾತ್ರಿ ಮಾಡಿಕೊಳ್ಳಬಹುದು. ಹಳೆಯ ಇಯರ್‌ಫೋನ್‌ನ ವೈರ್ ಕತ್ತರಿಸಿ, ಒಂದು ತುದಿಗೆ 100 ಓಮ್ ರೆಸಿಸ್ಟರ್ ಬೆಸೆಯಿರಿ. ಆಂಪ್ ಆಫ್ ಇರುವಾಗಲೇ ಒಂದು ಕ್ಲಿಪ್ ಬ್ರಿಡ್ಜ್‌ನ ಮೈನಸ್‌ಗೆ, ಇನ್ನೊಂದು ಕೆಪಾಸಿಟರ್‌ನ ಮೈನಸ್‌ಗೆ ಸಿಕ್ಕಿಸಿ, ಕ್ಲಿಪ್ ಗಟ್ಟಿಯಾಗಿದೆಯಾ ನೋಡಿ, ಆಮೇಲೆ ಆನ್ ಮಾಡಿ, ಕೊನೆಯಲ್ಲಿ ಕಿವಿಯ ಹತ್ತಿರ ತನ್ನಿ. ಎರಡೂ ಗ್ರೌಂಡ್. ಒಂದೇ ವೈರ್‌ನ ಎರಡು ತುದಿ. ಆದರೂ ಅದೇ ಜುಂಯ್ ಕೇಳಿಸುತ್ತದೆ. ನಡುವೆ ಆಪ್‌ಆಂಪ್ ಇಲ್ಲ, ಟ್ರಾನ್ಸಿಸ್ಟರ್ ಇಲ್ಲ, ಏನೂ ಇಲ್ಲ, ಬರೀ ಒಂದು ತುಂಡು ತಾಮ್ರ. ಗ್ರೌಂಡ್ ಬಗ್ಗೆ ಎಷ್ಟು ಓದಿದರೂ ಬಾರದ ತಿಳುವಳಿಕೆ ಆ ಒಂದು ನಿಮಿಷದಲ್ಲಿ ಬರುತ್ತದೆ. ಎಲೆಕ್ಟ್ರಾನಿಕ್ಸ್ ಕಲಿಯುವ ಮಕ್ಕಳಿಗೆ ಇದನ್ನು ಮೊದಲು ತೋರಿಸಬೇಕು ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಪರಿಹಾರ ಸುಲಭ. ಬ್ರಿಡ್ಜ್ ಮತ್ತು ಕೆಪಾಸಿಟರ್ ನಡುವಿನ ವೈರ್ ಆ ಎರಡರ ಸ್ವಂತ ಆಸ್ತಿ, ಬೇರೆ ಯಾರೂ ಅದನ್ನು ಮುಟ್ಟಬಾರದು. ಕೆಪಾಸಿಟರ್ ದಾಟಿದ ಮೇಲೆ ಒಂದು ಜಾಗ ಆರಿಸಿಕೊಳ್ಳಿ. ಇನ್‌ಪುಟ್‌ನ ಗ್ರೌಂಡ್, ವಾಲ್ಯೂಮ್ ಕಂಟ್ರೋಲ್‌ನ ಗ್ರೌಂಡ್, ಫೀಡ್‌ಬ್ಯಾಕ್ ರೆಸಿಸ್ಟರ್‌ನ ಗ್ರೌಂಡ್, ಹೆಡ್‌ಫೋನ್ ಜಾಕ್‌ನ ಗ್ರೌಂಡ್ ಎಲ್ಲವೂ ಬೇರೆ ಬೇರೆ ವೈರ್‌ಗಳಲ್ಲಿ ಅಲ್ಲಿಗೇ ಬರಲಿ. ಸ್ಟಾರ್ ಗ್ರೌಂಡ್ ಅಂತ ಕರೆಯುವುದು ಇದನ್ನೇ. ಇದರ ಬಗ್ಗೆ ಮಾತಾಡುವವರು ನಕ್ಷತ್ರದ ಆಕಾರಕ್ಕೆ ಜಾಸ್ತಿ ಬೆಲೆ ಕೊಡುತ್ತಾರೆ. ನನ್ನ ಪ್ರಕಾರ ಆಕಾರ ಅಷ್ಟು ಮುಖ್ಯವಲ್ಲ. ಯಾವ ವೈರ್‌ನಲ್ಲಿ ಯಾರ ಕರೆಂಟ್ ಹರಿಯುತ್ತಿದೆ ಅನ್ನುವ ಪ್ರಶ್ನೆ ಮುಖ್ಯ. ಪೆನ್ಸಿಲ್ ಹಿಡಿದು ಪ್ರತಿ ಕರೆಂಟ್ ಎಲ್ಲಿಂದ ಹೊರಟು ಎಲ್ಲಿಗೆ ವಾಪಸ್ ಬರುತ್ತದೆ ಅಂತ ಗೆರೆ ಎಳೆದರೆ ಅರ್ಧ ಸಮಸ್ಯೆ ಕಾಗದದ ಮೇಲೇ ಸಿಗುತ್ತದೆ.

ಜಾಕ್‌ನ ವೈರ್ ಜಾಗ ಬದಲಿಸಿದೆ, ಜುಂಯ್ ಹೋಯಿತು. ಮತ್ತೆ ಹಳೇ ಜಾಗಕ್ಕೆ ಹಾಕಿದೆ, ಬಂತು. ಮತ್ತೆ ತೆಗೆದೆ, ಹೋಯಿತು. ಅಲ್ಲಿಗೆ ಆ ಸದ್ದಿನ ಕಥೆ ಮುಗಿಯಿತು.

ಈಗ ಎರಡನೆಯದು. ನಾಬ್ ನಡುವಿನಲ್ಲಿದ್ದಾಗ ಮಾತ್ರ ಮೆಲ್ಲಗೆ ಊಂ. ಕಾರಣ ವಾಲ್ಯೂಮ್ ಕಂಟ್ರೋಲ್‌ನಲ್ಲೇ ಇದೆ. ನಾಬ್ ಸೊನ್ನೆಯಲ್ಲಿದ್ದಾಗ ಅದರ ವೈಪರ್ (ನಾಬ್ ಜೊತೆ ಸರಿಯುವ ನಡುವಿನ ಕಾಲು) ನೇರ ಗ್ರೌಂಡ್‌ಗೆ ಅಂಟಿರುತ್ತದೆ. ಪೂರ್ತಿ ಏರಿಸಿದಾಗ ಹಾಡು ಕೊಡುವ ಉಪಕರಣಕ್ಕೆ, ಅಂದರೆ ನೇರ ಸೋರ್ಸ್‌ಗೆ, ಈಗಿನ ಮಟ್ಟಿಗೆ ಶಾರ್ಟಿಂಗ್ ಪ್ಲಗ್‌ಗೆ. ಎರಡೂ ಗಟ್ಟಿ ಆಸರೆ. ನಡುವಿನಲ್ಲಿ ಎರಡೂ ಕಡೆಯಿಂದ ದೂರ. ವಾಲ್ಯೂಮ್ ಕಂಟ್ರೋಲ್ 50 ಕಿಲೋಓಮ್ ಪಾಟ್ (ಬದಲಾಯಿಸಬಹುದಾದ ರೆಸಿಸ್ಟರ್) ಆದರೆ ಅರ್ಧ ದಾರಿಯಲ್ಲಿ ವೈಪರ್ ಕಾಣುವುದು 12.5 ಕಿಲೋಓಮ್, ಅಂದರೆ ಪೂರ್ತಿಯ ಕಾಲು ಭಾಗ. ಅಷ್ಟು ರೆಸಿಸ್ಟೆನ್ಸ್ ಇರುವ ವೈರ್ ಹತ್ತಿರದ ಮೇನ್ಸ್ (ಗೋಡೆಯ ಪ್ಲಗ್‌ನ ಕರೆಂಟ್) ವೈರ್‌ನಿಂದ ಊಂಕಾರವನ್ನು ಸಲೀಸಾಗಿ ಹಿಡಿಯುತ್ತದೆ. ಪಾಟ್‌ನ ಲೋಹದ ಮೈ ಎಲ್ಲಿಗೂ ಸೇರದೆ ತೇಲುತ್ತಿದ್ದರೆ ಇನ್ನೂ ಜಾಸ್ತಿ.

ಪರೀಕ್ಷೆ ಬಹಳ ಸುಲಭ. ನಾಬ್‌ನ ಪ್ಲಾಸ್ಟಿಕ್ ಟೊಪ್ಪಿ ತೆಗೆದು ಲೋಹದ ದಂಡವನ್ನು ಬೆರಳಲ್ಲಿ ಮುಟ್ಟಿ. ಸದ್ದು ಬದಲಾದರೆ, ಜಾಸ್ತಿಯಾಗಲಿ ಕಡಿಮೆಯಾಗಲಿ, ಪಾಟ್‌ನ ಮೈಗೆ ಗ್ರೌಂಡ್ ಸಿಕ್ಕಿಲ್ಲ. ಮೈಗೆ ಒಂದು ವೈರ್ ಬೆಸೆದು ಗ್ರೌಂಡ್‌ಗೆ ಕೊಡಿ. 50 ಕಿಲೋಓಮ್ ಬದಲು 10 ಕಿಲೋಓಮ್ ಪಾಟ್ ಹಾಕಿದರೆ ನಡುವಿನ ರೆಸಿಸ್ಟೆನ್ಸ್ 2.5 ಕಿಲೋಓಮ್‌ಗೆ ಇಳಿಯುತ್ತದೆ. ಈಗಿನ ಹೆಚ್ಚಿನ ಸೋರ್ಸ್‌ಗಳು 10 ಕಿಲೋಓಮ್ ಅನ್ನು ಆರಾಮಾಗಿ ಎಳೆಯುತ್ತವೆ, ಆದ್ದರಿಂದ 50 ಯಾಕೆ ಬೇಕು ಅಂತ ನನಗೆ ಅರ್ಥವಾಗುವುದಿಲ್ಲ. ಪಾಟ್‌ನಿಂದ ಆಪ್‌ಆಂಪ್‌ಗೆ ಹೋಗುವ ವೈರ್ ಗಿಡ್ಡವಾಗಿರಲಿ, ಮೇನ್ಸ್ ವೈರ್‌ನಿಂದ ದೂರ ಇರಲಿ. ಮೇನ್ಸ್ ವೈರ್‌ಗಳೆರಡನ್ನೂ ಹುರಿ ಹೊಸೆದ ಹಾಗೆ ಒಂದಕ್ಕೊಂದು ಸುತ್ತಿ, ಪೆಟ್ಟಿಗೆಯ ಅಂಚಿನಲ್ಲಿ ಓಡಿಸಿ.

ಟ್ರಾನ್ಸ್‌ಫಾರ್ಮರ್‌ನ ಕಾಂತಕ್ಷೇತ್ರ ಕಾರಣವಾಗಿದ್ದರೆ ಈ ಶೀಲ್ಡ್ ಗೀಲ್ಡ್ ಕೆಲಸಕ್ಕೆ ಬರುವುದಿಲ್ಲ. ಮಾಮೂಲಿ ಶೀಲ್ಡ್ ವೈರ್ ಆಗಲಿ, ಅಲ್ಯೂಮಿನಿಯಂ ಹಾಳೆಯಾಗಲಿ 50 ಹರ್ಟ್ಜ್ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಅಲ್ಲಿ ಕೆಲಸ ಮಾಡುವುದು ದೂರ ಮತ್ತು ದಿಕ್ಕು. ಟ್ರಾನ್ಸ್‌ಫಾರ್ಮರ್‌ನ ಸ್ಕ್ರೂ ಬಿಚ್ಚಿ, ಮೇನ್ಸ್ ಸೇರುವ ಪ್ರೈಮರಿ ಸುರುಳಿಯ ಎಲ್ಲ ಜಾಯಿಂಟ್‌ಗಳನ್ನೂ ಪೂರ್ತಿ ಮುಚ್ಚಿ ಭದ್ರ ಮಾಡಿದ ಮೇಲೆ, ಅದನ್ನು ನಿಧಾನವಾಗಿ ತಿರುಗಿಸಿ ಕೇಳಿ. ಯಾವುದೋ ಒಂದು ಕೋನದಲ್ಲಿ ಊಂ ತೀರಾ ಕಡಿಮೆಯಾಗುತ್ತದೆ. ಅಲ್ಲೇ ಕೂರಿಸಿ. ದೂರ ಹೆಚ್ಚಿದಂತೆ ಈ ಕ್ಷೇತ್ರ ದೂರದ ಘನಕ್ಕೆ ತಕ್ಕಂತೆ ಬೀಳುತ್ತದೆ, ಅಂದರೆ ದೂರ ಎರಡರಷ್ಟಾದರೆ ಕ್ಷೇತ್ರ ಎಂಟರಲ್ಲಿ ಒಂದು ಪಾಲು. ಒಂದೆರಡು ಇಂಚು ಸರಿಸಿದರೂ ಫಲ ಸಿಗುತ್ತದೆ.

ಇಷ್ಟೆಲ್ಲ ಆದ ಮೇಲೆ ಉಳಿಯುವುದು ಸುಯ್ ಅನ್ನುವ ಹಿಸ್. ಇದು ಬೇರೆಯೇ ವಿಷಯ, ಯಾಕೆಂದರೆ ಇದರ ಒಂದು ಪಾಲು ಪ್ರಕೃತಿಯದೇ. ಪ್ರತಿಯೊಂದು ರೆಸಿಸ್ಟರ್ ಬಿಸಿಯ ಕಾರಣದಿಂದಲೇ ಸದ್ದು ಮಾಡುತ್ತದೆ. ಬೆಲ್ ಲ್ಯಾಬ್ಸ್‌ನಲ್ಲಿ ಜಾನ್ ಜಾನ್ಸನ್ ಇದನ್ನು ಅಳೆದು, ಹ್ಯಾರಿ ನೈಕ್ವಿಸ್ಟ್ ಅದಕ್ಕೆ ಲೆಕ್ಕ ಕೊಟ್ಟು, 1928ರಲ್ಲಿ ಇಬ್ಬರೂ ಪ್ರಕಟಿಸಿದರು. 1 ಕಿಲೋಓಮ್ ರೆಸಿಸ್ಟರ್ ಕೋಣೆಯ ಉಷ್ಣತೆಯಲ್ಲಿ, 20 ಕಿಲೋಹರ್ಟ್ಜ್‌ವರೆಗಿನ ಶ್ರವ್ಯ ವ್ಯಾಪ್ತಿಯಲ್ಲಿ, ಸುಮಾರು 0.57 ಮೈಕ್ರೋವೋಲ್ಟ್ ಸದ್ದು ಮಾಡುತ್ತದೆ. ಮೇಲೆ ಹೇಳಿದ 12.5 ಕಿಲೋಓಮ್ ಆದರೆ ಸುಮಾರು 2 ಮೈಕ್ರೋವೋಲ್ಟ್. ಪಾಟ್ ಸಣ್ಣದಿರಲಿ ಅಂತ ನಾನು ಹಟ ಹಿಡಿಯುವುದಕ್ಕೆ ಇದು ಇನ್ನೊಂದು ಕಾರಣ.

ಆಪ್‌ಆಂಪ್‌ನದೂ ಸೇರುತ್ತದೆ. ಎನ್‌ಇ5532 ಅದೇ ವ್ಯಾಪ್ತಿಯಲ್ಲಿ ಸುಮಾರು 0.7 ಮೈಕ್ರೋವೋಲ್ಟ್, ಹಳೆಯ ಟಿಎಲ್072 ಸುಮಾರು 2.5. ಇದು ಇನ್‌ಪುಟ್‌ನಲ್ಲಿ. ಹೊರಗೆ ಬರುವಾಗ ಗೇನ್‌ನಿಂದ, ಅಂದರೆ ಆಂಪ್ ಎಷ್ಟು ಪಟ್ಟು ಹಿಗ್ಗಿಸುತ್ತದೋ ಅದರಿಂದ, ಗುಣಿಸಬೇಕು. 1990ರ ದಶಕದ ಕೊನೆಯಲ್ಲಿ ಚು ಮೋಯ್ ಪರಿಚಯಿಸಿದ, ಸಿಮೋಯ್ ಅಂತಲೇ ಹೆಸರಾದ ಪುಟ್ಟ ಬ್ಯಾಟರಿ ಆಂಪ್ ಎಷ್ಟೋ ಜನರ ಮೊದಲ ಆಂಪ್. ಅದರಲ್ಲಿ ಗೇನ್ 11 ಇಟ್ಟುಕೊಳ್ಳುವುದು ರೂಢಿಯಾಗಿತ್ತು. ಟಿಎಲ್072 ಹಾಕಿ ಗೇನ್ 11 ಕೊಟ್ಟರೆ ಔಟ್‌ಪುಟ್‌ನಲ್ಲಿ 28 ಮೈಕ್ರೋವೋಲ್ಟ್ ಹಿಸ್. ಇದು ಕೇಳಿಸುತ್ತದಾ ಇಲ್ಲವಾ ಅನ್ನುವುದು ಹೆಡ್‌ಫೋನ್ ಮೇಲೆ ನಿಂತಿದೆ. 300 ಓಮ್, ಮಿಲಿವ್ಯಾಟ್‌ಗೆ 97 ಡೆಸಿಬೆಲ್ ಕೊಡುವ ದೊಡ್ಡ ಹೆಡ್‌ಫೋನ್‌ನಲ್ಲಿ 28 ಮೈಕ್ರೋವೋಲ್ಟ್ ಅಂದರೆ 11 ಡೆಸಿಬೆಲ್. ಯಾವ ಕೋಣೆಯಲ್ಲೂ ಕೇಳಿಸುವುದಿಲ್ಲ. ಅದೇ ಆಂಪ್‌ಗೆ 16 ಓಮ್, ಮಿಲಿವ್ಯಾಟ್‌ಗೆ 110 ಡೆಸಿಬೆಲ್ ಕೊಡುವ, ಕಿವಿಯೊಳಗೆ ಹೋಗುವ ಇಯರ್‌ಫೋನ್ ಹಾಕಿದರೆ 37 ಡೆಸಿಬೆಲ್. ಚೆನ್ನಾಗಿಯೇ ಕೇಳಿಸುತ್ತದೆ. ಒಬ್ಬರು ಈ ಆಂಪ್ ನಿಶ್ಶಬ್ದ ಅನ್ನುತ್ತಾರೆ, ಇನ್ನೊಬ್ಬರು ಹಿಸ್ ಅನ್ನುತ್ತಾರೆ, ಇಬ್ಬರೂ ಹೇಳುವುದು ನಿಜ.

ಅದಕ್ಕೇ ಹಿಸ್‌ಗೆ ನನ್ನ ಮೊದಲ ಮದ್ದು ಆಪ್‌ಆಂಪ್ ಬದಲಾಯಿಸುವುದಲ್ಲ, ಗೇನ್ ಇಳಿಸುವುದು. ನಾಬ್ ಯಾವಾಗಲೂ ಒಂಬತ್ತು ಗಂಟೆಯ ಜಾಗ ದಾಟದಿದ್ದರೆ ನಿಮಗೆ ಅಷ್ಟು ಗೇನ್ ಬೇಕಾಗಿಲ್ಲ. ಇಯರ್‌ಫೋನ್‌ಗೆ 2 ಅಥವಾ 3 ಧಾರಾಳ. ಎನ್‌ಇ5532 ಇಟ್ಟುಕೊಂಡು ಗೇನ್ 3 ಮಾಡಿದರೆ ಆಪ್‌ಆಂಪ್‌ನ ಪಾಲು 2 ಮೈಕ್ರೋವೋಲ್ಟ್‌ಗೆ ಇಳಿಯುತ್ತದೆ, ಆ ಸೂಕ್ಷ್ಮ ಇಯರ್‌ಫೋನ್‌ನಲ್ಲೂ 15 ಡೆಸಿಬೆಲ್ ಒಳಗೆ. ಇನ್ನೂ ಜಾಣತನದ ದಾರಿ 2011ರ ಒ2 ಅನ್ನುವ ಹೆಡ್‌ಫೋನ್ ಆಂಪ್‌ನಲ್ಲಿದೆ. ಅದರಲ್ಲಿ ವಾಲ್ಯೂಮ್ ಕಂಟ್ರೋಲ್ ಇರುವುದು ಗೇನ್ ಹಂತದ ನಂತರ. ನಾಬ್ ಇಳಿಸಿದರೆ ಹಾಡಿನ ಜೊತೆಗೆ ಗೇನ್ ಹಂತದ ಹಿಸ್ ಕೂಡ ಇಳಿಯುತ್ತದೆ. ನಾವು ಕೇಳುವುದು ಹೆಚ್ಚಾಗಿ ನಾಬ್ ಕೆಳಗಿಟ್ಟೇ ಅಲ್ಲವೇ, ಹಾಗಾಗಿ ಇದರ ಲಾಭ ದಿನಾ ಸಿಗುತ್ತದೆ. ಸೋರ್ಸ್ ಜೋರಾಗಿದ್ದರೆ ಗೇನ್ ಹಂತ ಕ್ಲಿಪ್ ಆಗದಂತೆ (ಅಲೆಯ ತುದಿ ಕತ್ತರಿಸಿ ಹೋಗದಂತೆ) ನೋಡಿಕೊಳ್ಳಬೇಕು, ಅಷ್ಟೇ.

ಉಳಿದ ಸದ್ದುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ನಾಬ್ ತಿರುಗಿಸುವಾಗ ಮಾತ್ರ ಕರಕರ ಅಂದರೆ ಪಾಟ್ ಕೊಳೆಯಾಗಿರಬಹುದು, ಹೊಸ ಪಾಟ್ ಆಗಿದ್ದರೆ ಅದರಲ್ಲಿ ಡಿಸಿ ಹರಿಯುತ್ತಿದೆ. ಎನ್‌ಇ5532ರ ಇನ್‌ಪುಟ್‌ಗೆ ಕೆಲಸ ಮಾಡಲು ಸ್ವಲ್ಪ ಡಿಸಿ, ಅಂದರೆ ಬಯಾಸ್ ಕರೆಂಟ್, ಬೇಕು, ಅದು ವೈಪರ್ ಮೂಲಕ ಹರಿದರೆ ಈ ಕರಕರ ಬರುತ್ತದೆ. ವೈಪರ್ ಮತ್ತು ಆಪ್‌ಆಂಪ್ ನಡುವೆ ಒಂದು ಫಿಲ್ಮ್ ಕೆಪಾಸಿಟರ್, ಅದರಾಚೆ ಗ್ರೌಂಡ್‌ಗೆ ಒಂದು ರೆಸಿಸ್ಟರ್ ಹಾಕಿದರೆ ಮುಗಿಯಿತು. ಮೊಬೈಲ್ ಹತ್ತಿರ ತಂದಾಗ ಟಿರ್ ಟಿರ್ ಅನ್ನುವುದು 2ಜಿ ರೇಡಿಯೋ ಸೆಕೆಂಡಿಗೆ 217 ಸಲ ಮಿಡಿಯುವುದರಿಂದ. ಆಪ್‌ಆಂಪ್‌ನ ಇನ್‌ಪುಟ್ ಆ ರೇಡಿಯೋವನ್ನು ಡಯೋಡ್ ಥರ ಹಿಡಿದುಬಿಡುತ್ತದೆ. ಇನ್‌ಪುಟ್‌ನಲ್ಲೇ ಕೆಲವು ನೂರು ಓಮ್ ರೆಸಿಸ್ಟರ್, ಅದರ ನಂತರ ಗ್ರೌಂಡ್‌ಗೆ 100 ಪಿಕೋಫ್ಯಾರಡ್ ಕೆಪಾಸಿಟರ್ ಹಾಕಿ.

ಕೇಳಿಸದ ಸದ್ದೂ ಒಂದಿದೆ, ಅದು ಎಲ್ಲಕ್ಕಿಂತ ಅಪಾಯದ್ದು. ಆಂಪ್ ಕೆಲವು ನೂರು ಕಿಲೋಹರ್ಟ್ಜ್‌ನಲ್ಲೋ ಮೆಗಾಹರ್ಟ್ಜ್‌ನಲ್ಲೋ ತನ್ನಷ್ಟಕ್ಕೆ ಕಂಪಿಸುತ್ತಿರುತ್ತದೆ. ಕಿವಿಗೆ ಏನೂ ಬರುವುದಿಲ್ಲ, ಅಥವಾ ಹಾಡಿನ ಅಂಚಿನಲ್ಲಿ ಮರಳಿನಂಥ ಒರಟುತನ ಇರುತ್ತದೆ. ಗುರುತು ಏನೆಂದರೆ, ಹಾಡು ಇಲ್ಲದಿದ್ದರೂ ಆಪ್‌ಆಂಪ್ ಬೆರಳಿಡಲಾಗದಷ್ಟು ಬಿಸಿಯಾಗುತ್ತದೆ, ಉದ್ದ ಕೇಬಲ್ ಸಿಕ್ಕಿಸಿದಾಗ ಔಟ್‌ಪುಟ್‌ನಲ್ಲಿರುವ ಡಿಸಿ, ಅಂದರೆ ಡಿಸಿ ಆಫ್‌ಸೆಟ್, ಬದಲಾಗುತ್ತದೆ. ಆಸಿಲೋಸ್ಕೋಪ್ ಇದ್ದರೆ ಒಂದು ಕ್ಷಣದ ಕೆಲಸ. ಇಲ್ಲದಿದ್ದರೆ ಸಪ್ಲೈ ಕಾಲುಗಳಿಗೆ ಅಂಟಿದ ಹಾಗೆ 100 ನ್ಯಾನೊಫ್ಯಾರಡ್ ಕೆಪಾಸಿಟರ್ ಹಾಕಿ ನೋಡಿ, ಔಟ್‌ಪುಟ್‌ಗೆ ಹತ್ತು ಓಮ್ ಸೀರೀಸ್ ಕೊಟ್ಟು ನೋಡಿ. ಆಂಪ್ ತಣ್ಣಗಾದರೆ ಅದೇ ಕಾರಣ.

ಶಾರ್ಟಿಂಗ್ ಪ್ಲಗ್‌ನಲ್ಲಿ ಸುಮ್ಮನಿದ್ದು ಲ್ಯಾಪ್‌ಟಾಪ್ ಸಿಕ್ಕಿಸಿದಾಗ ಮಾತ್ರ ಸದ್ದು ಬರುತ್ತದೆ, ಮೌಸ್ ಅಲುಗಾಡಿಸಿದರೆ ಚುರ್ ಚುರ್ ಅನ್ನುತ್ತದೆ ಅಂತಾದರೆ ಮೊದಲು ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ನೋಡಿ. ಹೋಯಿತಾ? ಹಾಗಾದರೆ ಅದು ಗ್ರೌಂಡ್ ಲೂಪ್. ಎರಡನ್ನೂ ಒಂದೇ ಪವರ್ ಸ್ಟ್ರಿಪ್‌ಗೆ ಹಾಕುವುದು, ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಬಳಸುವುದು, ಆಪ್ಟಿಕಲ್ ಕೇಬಲ್ ಇರುವ ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಸಿಗ್ನಲ್ ಮಾಡುವ ಉಪಕರಣ) ಬಳಸುವುದು, ಇವೆಲ್ಲ ಸರಿಯಾದ ದಾರಿಗಳು. ಮೇನ್ಸ್ ಪ್ಲಗ್‌ನ ಅರ್ಥ್ ಪಿನ್ ಕತ್ತರಿಸುವುದು ದಾರಿಯಲ್ಲ. ಸದ್ದು ಹೋಗುತ್ತದೆ, ನಿಜ. ಆದರೆ ಟ್ರಾನ್ಸ್‌ಫಾರ್ಮರ್‌ನ ಇನ್ಸುಲೇಷನ್ ಕೆಟ್ಟ ದಿನ ಲೋಹದ ಪೆಟ್ಟಿಗೆಗೂ, ಹೆಡ್‌ಫೋನ್ ವೈರ್‌ಗೂ, ನಿಮ್ಮ ತಲೆಗೂ ಮೇನ್ಸ್ ಬರುತ್ತದೆ. ಯಾವ ಹಾಡೂ ಅಷ್ಟು ಬೆಲೆಬಾಳುವುದಿಲ್ಲ. ಯಾರಾದರೂ ಈ ಸಲಹೆ ಕೊಟ್ಟರೆ ಖಂಡಿತ ಕೇಳಬೇಡಿ.

ಸಿಮೋಯ್ ಥರ ವರ್ಚುಯಲ್ ಗ್ರೌಂಡ್ ಇರುವ ಆಂಪ್‌ಗಳಲ್ಲಿ ಇನ್ನೊಂದು ಎಚ್ಚರ ಬೇಕು. ಅಲ್ಲಿ ಹೆಡ್‌ಫೋನ್‌ನ ಗ್ರೌಂಡ್ ಬ್ಯಾಟರಿಯ ಮೈನಸ್ ಅಲ್ಲ, ಸಪ್ಲೈನ ಅರ್ಧದಲ್ಲಿ ತೇಲುವ ಒಂದು ಬಿಂದು. ಬ್ಯಾಟರಿಯಲ್ಲಿ ಇರುವವರೆಗೆ ತೊಂದರೆಯಿಲ್ಲ. ಅದೇ ಆಂಪ್ ಮತ್ತು ಸೋರ್ಸ್ ಎರಡಕ್ಕೂ ಒಂದೇ ಯುಎಸ್‌ಬಿ ಚಾರ್ಜರ್‌ನಿಂದ ಕರೆಂಟ್ ಕೊಟ್ಟರೆ ಆಡಿಯೋ ಕೇಬಲ್‌ನ ಗ್ರೌಂಡ್ ಮೂಲಕ ಆ ಬಿಂದು ಮೈನಸ್‌ಗೆ ಶಾರ್ಟ್ ಆಗುತ್ತದೆ. ಸದ್ದು ಅಳೆಯಲು ಕಂಪ್ಯೂಟರ್‌ನ ಸೌಂಡ್ ಕಾರ್ಡ್ ಬಳಸುವಾಗಲೂ ಇದು ನೆನಪಿರಲಿ. ಹಾಗಂತ ಸೌಂಡ್ ಕಾರ್ಡ್‌ನಲ್ಲಿ ಅಳೆಯುವುದು ಬಿಡಬೇಡಿ. ಆಡಾಸಿಟಿ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿ ರೆಕಾರ್ಡ್ ಮಾಡಿ ಸ್ಪೆಕ್ಟ್ರಮ್ (ಯಾವ ಹರ್ಟ್ಜ್‌ನಲ್ಲಿ ಎಷ್ಟು ಸದ್ದಿದೆ ಅನ್ನುವ ಚಿತ್ರ) ತೆಗೆದರೆ 50, 100, 150ರ ಗೂಟಗಳು ಸಾಲಾಗಿ ಎದ್ದು ಕಾಣುತ್ತವೆ. 50 ಒಂದೇ ಎತ್ತರವಾಗಿದ್ದರೆ ಟ್ರಾನ್ಸ್‌ಫಾರ್ಮರ್ ಕಡೆ, 100, 200, 300 ಎತ್ತರವಾಗಿದ್ದರೆ ರೆಕ್ಟಿಫೈಯರ್ ಕಡೆ ಹೋಗಿ. ಕಿವಿ ಒಂದೇ ದಿನದಲ್ಲಿ ಅಭ್ಯಾಸಕ್ಕೆ ಬಿದ್ದುಬಿಡುತ್ತದೆ, ಗೂಟಗಳ ಎತ್ತರ ಬರೆದಿಟ್ಟುಕೊಂಡರೆ ನಿನ್ನೆಗೂ ಇವತ್ತಿಗೂ ಹೋಲಿಸಬಹುದು.

ಎಲ್ಲ ಸರಿಯಾಯಿತು ಅಂದುಕೊಂಡು ಮುಚ್ಚಳ ಹಾಕಿದ ಮೇಲೆ ಇನ್ನೊಂದು ಸಲ ಕೇಳಿ. ಮುಚ್ಚಳ ಹಾಕಿದಾಗ ಸದ್ದು ಕಡಿಮೆಯಾಗಬೇಕು. ಜಾಸ್ತಿಯಾದರೆ ಆ ಮುಚ್ಚಳ ತೇಲುತ್ತಿದೆ ಅಂತ ಅರ್ಥ. ಬಣ್ಣ ಹಚ್ಚಿದ ಅಥವಾ ಆನೊಡೈಸ್ ಮಾಡಿದ ಪೆಟ್ಟಿಗೆಗಳಲ್ಲಿ ಸ್ಕ್ರೂ ಬಿಗಿಯಾಗಿದ್ದರೂ ಲೋಹಕ್ಕೆ ಲೋಹ ಮುಟ್ಟಿರುವುದಿಲ್ಲ, ಆ ಪದರ ಕರೆಂಟನ್ನು ಬಿಡುವುದಿಲ್ಲ. ಸ್ಕ್ರೂ ತೂತಿನ ಸುತ್ತ ಬಣ್ಣ ಕೆರೆದು, ಹಲ್ಲಿರುವ ವಾಷರ್ ಹಾಕಿ ಬಿಗಿದು, ಮಲ್ಟಿಮೀಟರ್‌ನ ಒಂದು ಮುಳ್ಳನ್ನು ಮುಚ್ಚಳಕ್ಕೂ ಇನ್ನೊಂದನ್ನು ಪೆಟ್ಟಿಗೆಯ ತಳಕ್ಕೂ ಹಿಡಿದು ಬೀಪ್ ಬರುತ್ತದಾ ನೋಡಿ.